ಧಕ್ಕೆಯಲ್ಲೇ ನಿಂತ ಹಡಗುಗಳು

ಕಳೆದ ಜನವರಿ 26ರಂದು ಕನ್ನಡ ಕೂಟದ ಗಣರಾಜ್ಯೋತ್ಸವ ಮುಗಿಸಿ, ಉಪ್ಪಿಟ್ಟು ಕೇಸರಿಬಾತ್ ತಿಂದು, ಟ್ರಾಮ್ ಹತ್ತಿ ಡಾಕ್‌ಲ್ಯಾಂಡ್ಸ್ ಕಡೆಗೆ ಹೊರಟಿದ್ದೆವು. ಮೆಲ್ಬರ್ನಿನ ನಡುಪೇಟೆಗೆ ಬರುವಷ್ಟರಲ್ಲಿ ಟ್ರಾಮ್ ನಿಂತುಬಿಟ್ಟಿತು. ಮುಂದೆ ಈ ನೆಲದ ಮೂಲನಿವಾಸಿಗಳ ಮೆರವಣಿಗೆ. ಕಪ್ಪು, ಕೆಂಪು, ಹಳದಿ ಬಾವುಟ ಹಿಡಿದ ಸಾವಿರಾರು ಜನ. ಅರ್ಧ ಗಂಟೆ ಕಳೆದರೂ ಚಕ್ರ ಕದಲಲಿಲ್ಲ. ರೇಷ್ಮೆ ಸೀರೆ, ಜುಬ್ಬಾ ತೊಟ್ಟಿದ್ದ ನಮ್ಮ ಗುಂಪಿನಲ್ಲಿ ಗೊಣಗಾಟ ಶುರುವಾಯಿತು. "ಇವರಿಗೆ ಅನ್ಯಾಯವಾಗಿರುವುದು ನಿಜವೇ. ಆದರೆ ಹೀಗೆ ಜನರಿಗೆ ತೊಂದರೆ ಕೊಟ್ಟರೆ ಇದ್ದ ಸಹಾನುಭೂತಿಯೂ ಹೋಗುತ್ತದೆ." ಈ ಮಾತು ಆಡಿದವರು ಬೇರೆ ಯಾರೂ ಅಲ್ಲ, ನಾವೇ.

ಪಕ್ಕದಲ್ಲಿದ್ದ ಮಗಳು ಮೆಲ್ಲಗೆ ಹೇಳಿದಳು: "ಅಪ್ಪಾ, 2009ರಲ್ಲಿ ನಮ್ಮ ಹುಡುಗರು ಇಲ್ಲೇ ರಸ್ತೆ ಮೇಲೆ ಕೂತಿದ್ದಾಗಲೂ ನೀವು ಇದನ್ನೇ ಅಂದಿದ್ದಿರಂತೆ. ಅಮ್ಮ ಹೇಳಿದ್ದಾಳೆ."

ಮೂವತ್ತು ವರ್ಷ ರೋಗಿಗಳ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳಿ ಅಭ್ಯಾಸವಾಗಿರುವ ನಮಗೆ ಆ ಹೊತ್ತು ಬಾಯಿ ಕಟ್ಟಿತು. ಮನೆಗೆ ಬಂದ ಮೇಲೆ ಪುಸ್ತಕಗಳನ್ನು ತಂದು ಓದತೊಡಗಿದೆವು. ಓದಿ ತಿಳಿದದ್ದನ್ನು ಕೂಟದ ಬಂಧುಗಳ ಮುಂದೆ ಇಡುತ್ತಿದ್ದೇವೆ.

ನಮ್ಮಲ್ಲಿ ಹಲವರು ಸಂಜೆ ಗಾಳಿಸೇವನೆಗೆ ಹೋಗುವ ಡಾಕ್‌ಲ್ಯಾಂಡ್ಸ್ ಈಗ ಗಾಜಿನ ಕಟ್ಟಡಗಳ, ಹೋಟೆಲುಗಳ ಊರು. ಹಿಂದೆ ಅದು ವಿಕ್ಟೋರಿಯಾ ಡಾಕ್, ಹಡಗುಗಳಿಗೆ ಸರಕು ಹೇರುವ, ಇಳಿಸುವ ಜಾಗ. ಸಿಡ್ನಿಯ ಡಾರ್ಲಿಂಗ್ ಹಾರ್ಬರ್, ಬಾರಂಗರೂಗಳ ಕಥೆಯೂ ಇದೇ. ಹಡಗು ನಿಲ್ಲುವ ಕಟ್ಟೆಗೆ ನಮ್ಮ ಮಂಗಳೂರಿನ ಕಡೆ 'ಧಕ್ಕೆ' ಎನ್ನುತ್ತಾರೆ. ಅದೇ ಪದಕ್ಕೆ ಹಾನಿ ಎಂಬ ಅರ್ಥವೂ ಇದೆ. ರಸ್ತೆ ತಡೆ, ಮುಷ್ಕರ, ಗದ್ದಲ ಇವುಗಳಿಂದ ನ್ಯಾಯ ಕೇಳುವವರಿಗೆ ಸಹಾಯವೋ ಧಕ್ಕೆಯೋ ಎಂಬ ಪ್ರಶ್ನೆಗೆ ಈ ಧಕ್ಕೆಗಳಲ್ಲಿಯೇ ಉತ್ತರ ಹುಡುಕಬಹುದೆಂದು ನಮಗೆ ತೋರಿತು. ಏಕೆಂದರೆ ಬಂದರಿನಲ್ಲಿ ಕೈಕಟ್ಟಿ ನಿಂತವರು ಬಡವರಾದರೂ ಬಲಶಾಲಿಗಳು. ಅವರು ಮೂಟೆ ಎತ್ತದಿದ್ದರೆ ಎಂಥ ಸಾಮ್ರಾಜ್ಯದ ಹಡಗೂ ಅಲ್ಲಾಡುವಂತಿಲ್ಲ.

ಆದರೆ ಮೊದಲ ಕಥೆ ಕಹಿಯಾದದ್ದು. 1878ರ ನವೆಂಬರಿನಲ್ಲಿ ಆಸ್ಟ್ರಲೇಷಿಯನ್ ಸ್ಟೀಮ್ ನ್ಯಾವಿಗೇಷನ್ ಎಂಬ ಕಂಪನಿ ಕಡಿಮೆ ಸಂಬಳಕ್ಕೆ ಚೀನೀ ನಾವಿಕರನ್ನು ನೇಮಿಸಿಕೊಂಡದ್ದಕ್ಕೆ ಬಿಳಿಯ ನಾವಿಕರು ಸಿಡ್ನಿಯಲ್ಲಿ ಮುಷ್ಕರ ಹೂಡಿದರು. ಹಡಗುಗಳು ನಿಂತವು, ಊರಿಗೂರೇ ಬೆಂಬಲಕ್ಕೆ ನಿಂತಿತು, ಚೀನೀಯರ ವಿರುದ್ಧ ಗಲಭೆಗಳೂ ಆದವು. 1879ರ ಜನವರಿಯಲ್ಲಿ ಕಂಪನಿ ಮಣಿದು ಚೀನೀಯರ ಸಂಖ್ಯೆ ತಗ್ಗಿಸಲು ಒಪ್ಪಿತು. ಮುಷ್ಕರ ಗೆದ್ದಿತು, ನ್ಯಾಯ ಸೋತಿತು. ಅದೇ ಮನೋಭಾವ ಬೆಳೆದು 1901ರಲ್ಲಿ ವಲಸೆ ನಿರ್ಬಂಧ ಕಾಯಿದೆಯಾಯಿತು. ಯಾವುದಾದರೊಂದು ಯುರೋಪಿನ ಭಾಷೆಯಲ್ಲಿ ಉಕ್ತಲೇಖನ ಕೊಟ್ಟು, ಬೇಡವಾದವರನ್ನು ಫೇಲು ಮಾಡಿ ವಾಪಸು ಕಳಿಸುವ 'ಬಿಳಿಯ ಆಸ್ಟ್ರೇಲಿಯಾ' ನೀತಿ ಅದು. ಅದು ತೊಲಗದೇ ಇದ್ದಿದ್ದರೆ ನಾವು ನೀವು ಇಲ್ಲಿ ಯುಗಾದಿ ಮಾಡುತ್ತಿರಲಿಲ್ಲ. ಆದ್ದರಿಂದ ತಡೆ ಒಡ್ಡುವುದೇ ಒಂದು ಪುಣ್ಯಕಾರ್ಯವೆಂದು ಯಾರೂ ಭ್ರಮಿಸಬಾರದು. ಶಸ್ತ್ರವೈದ್ಯನ ಚಾಕುವಿಗೂ ಕಟುಕನ ಚಾಕುವಿಗೂ ಹರಿತ ಒಂದೇ.

ಎರಡನೆಯ ಕಥೆ ನಮ್ಮವರದು. 1945ರ ಆಗಸ್ಟ್ 17ರಂದು ಇಂಡೊನೇಷ್ಯ ತಾನು ಸ್ವತಂತ್ರವೆಂದು ಸಾರಿತು. ಯುದ್ಧಕಾಲದಲ್ಲಿ ಆಸ್ಟ್ರೇಲಿಯಾದಲ್ಲಿ ಆಶ್ರಯ ಪಡೆದಿದ್ದ ಡಚ್ ವಸಾಹತು ಸರಕಾರ ಮತ್ತೆ ಅಲ್ಲಿಗೆ ಹೋಗಿ ಅಧಿಕಾರ ಹಿಡಿಯಲು ಹಡಗುಗಳನ್ನು ಸಜ್ಜುಗೊಳಿಸಿತು. ಸೆಪ್ಟೆಂಬರಿನಲ್ಲಿ ಬ್ರಿಸ್ಬೇನ್, ಸಿಡ್ನಿ, ಮೆಲ್ಬರ್ನ್ ಬಂದರುಗಳಲ್ಲಿದ್ದ ಇಂಡೊನೇಷ್ಯದ ನಾವಿಕರು ಹಡಗಿನಿಂದ ಇಳಿದು ಬಂದರು. ಆಸ್ಟ್ರೇಲಿಯಾದ ಬಂದರು ಕಾರ್ಮಿಕರು ಡಚ್ ಸರಕು ಮುಟ್ಟುವುದಿಲ್ಲವೆಂದರು. ಆಗ ಡಚ್ಚರು ಭಾರತೀಯ ನಾವಿಕರನ್ನು ಹಡಗು ನಡೆಸಲು ಹಚ್ಚಿದರು. ಲಸ್ಕರರೆಂದು ಕರೆಸಿಕೊಳ್ಳುತ್ತಿದ್ದ, ಬಿಳಿಯ ನಾವಿಕರ ಸಂಬಳದ ಒಂದು ಪಾಲನ್ನಷ್ಟೇ ಕಾಣುತ್ತಿದ್ದ ಬಡಪಾಯಿಗಳು ಇವರು. ಇಳಿದರೆ ಕೆಲಸ ಹೋಗುತ್ತಿತ್ತು. ಬಿಳಿಯ ಆಸ್ಟ್ರೇಲಿಯಾದಲ್ಲಿ ನೆಲೆಸುವ ಹಕ್ಕೂ ಅವರಿಗಿರಲಿಲ್ಲ. ಆದರೂ ಇಳಿದರು. ತಾವೇ ಪರಾಧೀನರಾಗಿದ್ದ ಕಾಲದಲ್ಲಿ ಇನ್ನೊಬ್ಬರ ಪರಾಧೀನತೆಗೆ ಹೆಗಲು ಕೊಡುವುದಿಲ್ಲವೆಂದರು.

ಹಾಲೆಂಡಿನ ಚಿತ್ರ ನಿರ್ದೇಶಕ ಯೋರಿಸ್ ಐವೆನ್ಸ್ ಡಚ್ ಸರಕಾರದ ಚಲನಚಿತ್ರ ಕಮಿಷನರ್ ಹುದ್ದೆಗೆ ರಾಜೀನಾಮೆ ಕೊಟ್ಟು ಈ ಘಟನೆಗಳ ಮೇಲೆ 'ಇಂಡೊನೇಷ್ಯಾ ಕಾಲಿಂಗ್' ಎಂಬ ಕಿರುಚಿತ್ರ ತೆಗೆದರು. 1946ರಲ್ಲಿ ಬಂದ ಆ ಚಿತ್ರದಲ್ಲಿ ಒಂದು ದೃಶ್ಯವಿದೆ. ಭಾರತೀಯ ನಾವಿಕರಿದ್ದ 'ಪತ್ರಾಸ್' ಎಂಬ ಹಡಗು ಸಿಡ್ನಿ ಬಂದರು ಬಿಟ್ಟು ಹೊರಟಿದೆ. ಪುಟ್ಟ ದೋಣಿಯೊಂದು ಬೆನ್ನಟ್ಟಿ ಹೋಗುತ್ತದೆ. ದೋಣಿಯಲ್ಲಿದ್ದವರು, ಈ ಹಡಗು ನಡೆಸಬೇಡಿರೆಂದು ನಾವಿಕರಿಗೆ ಅವರದೇ ಭಾಷೆಯಲ್ಲಿ ಕೂಗಿ ಹೇಳುತ್ತಾರೆ. ನಡೆದದ್ದನ್ನು ಆಮೇಲೆ ಮತ್ತೆ ಅಭಿನಯಿಸಿ ತೆಗೆದ ದೃಶ್ಯವಾದರೂ ನೋಡುವಾಗ ನಮ್ಮ ಕಣ್ಣು ತೇವವಾಯಿತು. ರೂಪರ್ಟ್ ಲಾಕ್‌ವುಡ್ ಎಂಬ ಲೇಖಕರ ಲೆಕ್ಕದ ಪ್ರಕಾರ ಸಣ್ಣ ದೋಣಿ, ಬಾರ್ಜುಗಳೂ ಸೇರಿ ಐನೂರಕ್ಕೂ ಹೆಚ್ಚು ನೌಕೆಗಳಿಗೆ ಈ ಬಹಿಷ್ಕಾರದಿಂದ ತಡೆಯಾಯಿತು. ಬಂದರಿನ ಕೂಲಿಗಳು ದೇಶದ ವಿದೇಶಾಂಗ ನೀತಿ ನಿರ್ಧರಿಸುವುದೇ ಎಂದು ವಿರೋಧ ಪಕ್ಷದವರು ಪ್ರಧಾನಿ ಚಿಫ್ಲಿಯವರ ಮೇಲೆ ಹರಿಹಾಯ್ದರು. ಆದರೆ 1947ರ ಜುಲೈನಲ್ಲಿ ಡಚ್ಚರ ಸೇನಾ ಕಾರ್ಯಾಚರಣೆಯ ಪ್ರಶ್ನೆಯನ್ನು ಭದ್ರತಾ ಮಂಡಳಿಯ ಮುಂದಿಟ್ಟವರು ಭಾರತ ಮತ್ತು ಅದೇ ಆಸ್ಟ್ರೇಲಿಯಾ. 1949ರ ಡಿಸೆಂಬರ್ 27ರಂದು ಡಚ್ಚರು ಅಧಿಕಾರ ಬಿಟ್ಟುಕೊಟ್ಟರು. ಹಡಗು ತಡೆದದ್ದರಿಂದಲೇ ಸ್ವಾತಂತ್ರ್ಯ ಬಂತೆಂದು ಹೇಳಲಾಗದು. ಅದಕ್ಕಾಗಿ ಪ್ರಾಣ ತೆತ್ತವರು ಇಂಡೊನೇಷ್ಯದವರು. ಆದರೆ ಅವರಿಗೆ ತುಸು ಕಾಲಾವಕಾಶವಂತೂ ಸಿಕ್ಕಿತು.

ಸಿಡ್ನಿಯ ಚರಿತ್ರೆಕಾರ್ತಿ ಹೆದರ್ ಗುಡಾಲ್ ಅವರು ಈ ಭಾರತೀಯ ನಾವಿಕರ ಪಾತ್ರವನ್ನು ಹುಡುಕಿ ಬರೆದಿದ್ದಾರೆ. ಅಲ್ಲಿಯವರೆಗೆ ಈ ಕಥೆಯಲ್ಲಿ ಹೆಚ್ಚಾಗಿ ಕಾಣುತ್ತಿದ್ದವರು ಬಿಳಿಯ ಕಾರ್ಮಿಕ ನಾಯಕರೇ. ನಾವು ಕೂಟದಲ್ಲಿ ಮಕ್ಕಳಿಗೆ ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ಕಥೆ ಹೇಳುತ್ತೇವೆ. ಮನೆಯಿಂದ ಒಂದೆರಡು ಮೈಲಿ ದೂರದ ನೀರಿನ ಮೇಲೆ ನಮ್ಮವರು ನಡೆಸಿದ ಸತ್ಯಾಗ್ರಹ ನಮಗೇ ಗೊತ್ತಿರಲಿಲ್ಲ.

ಮೂರನೆಯದು ಬಂದರಿನಿಂದ ಆಟದ ಮೈದಾನಕ್ಕೆ ಬಂದ ಕಥೆ. 1971ರ ಜೂನ್ ಕೊನೆಗೆ ದಕ್ಷಿಣ ಆಫ್ರಿಕದ ಬಿಳಿಯರ ರಗ್ಬಿ ತಂಡ 'ಸ್ಪ್ರಿಂಗ್‌ಬಾಕ್ಸ್' ಇಲ್ಲಿಗೆ ಬಂದಿತು. ಕಾರ್ಮಿಕ ಸಂಘಗಳು ಹಡಗಿಗೆ ಮಾಡಿದ್ದನ್ನು ಈಗ ವಿಮಾನಕ್ಕೆ ಮಾಡಿದವು. ಸಂಘಗಳ ಬಹಿಷ್ಕಾರದಿಂದಾಗಿ ಆಟಗಾರರು ಬಾಡಿಗೆಯ ಸಣ್ಣ ವಿಮಾನಗಳಲ್ಲಿ ಓಡಾಡಬೇಕಾಯಿತು. ಮೆಲ್ಬರ್ನಿನ ಒಲಿಂಪಿಕ್ ಪಾರ್ಕಿನಲ್ಲಿ ಕುದುರೆ ಪೊಲೀಸರು. ಸಿಡ್ನಿ ಕ್ರಿಕೆಟ್ ಮೈದಾನದಲ್ಲಿ ಮುಳ್ಳುತಂತಿ, ಸೀಟಿ, ಹೊಗೆಬತ್ತಿ. ಕಟ್ಟಡ ಕಾರ್ಮಿಕರ ಮುಖಂಡ ಬಾಬ್ ಪ್ರಿಂಗಲ್ ಅವರಂತೂ ಗೋಲುಕಂಬ ಕೊಯ್ಯಲು ಗರಗಸ ಹಿಡಿದು ಹೋಗಿ ಸಿಕ್ಕಿಬಿದ್ದರು. ನೂರಾರು ಜನರ ಬಂಧನವಾಯಿತು.

ಇದರಿಂದ ಆದದ್ದೇನು? ಮೊದಲು ನಷ್ಟದ ಲೆಕ್ಕ ನೋಡೋಣ. ಒಂದು ಪಂದ್ಯವೂ ನಿಲ್ಲಲಿಲ್ಲ. ಸ್ಪ್ರಿಂಗ್‌ಬಾಕ್ಸ್ ಆಡಿದ 13 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಹೋದರು. ಕ್ವೀನ್ಸ್‌ಲ್ಯಾಂಡಿನ ಪ್ರೀಮಿಯರ್ ಜೋ ಬ್ಯೆಲ್ಕೆ-ಪೀಟರ್ಸನ್ ಇದೇ ನೆಪದಲ್ಲಿ ತುರ್ತುಪರಿಸ್ಥಿತಿ ಘೋಷಿಸಿ, ಗಟ್ಟಿ ಮನುಷ್ಯನೆಂದು ಹೆಸರು ಮಾಡಿ, 1987ರವರೆಗೆ ಗದ್ದುಗೆಯಲ್ಲಿದ್ದರು. ಅಂದರೆ 'ಗದ್ದಲದಿಂದ ಧಕ್ಕೆ' ಎನ್ನುವವರ ಮಾತು ಸುಳ್ಳಲ್ಲ.

ಇನ್ನು ಲಾಭದ ಲೆಕ್ಕ. ಆ ವರ್ಷ ಬೇಸಿಗೆಯಲ್ಲಿ ದಕ್ಷಿಣ ಆಫ್ರಿಕದ ಕ್ರಿಕೆಟ್ ತಂಡ ಬರುವುದಿತ್ತು. ಸೆಪ್ಟೆಂಬರ್ 8ರಂದು ಡಾನ್ ಬ್ರಾಡ್‌ಮನ್ ಅಧ್ಯಕ್ಷರಾಗಿದ್ದ ಕ್ರಿಕೆಟ್ ಮಂಡಳಿ ಆ ಪ್ರವಾಸವನ್ನು ರದ್ದು ಮಾಡಿತು. ರಗ್ಬಿ ತಂಡ ಮತ್ತೆ ಇಲ್ಲಿಗೆ ಬಂದದ್ದು 1993ರಲ್ಲಿ, ಮಂಡೇಲಾ ಸೆರೆಯಿಂದ ಹೊರಬಂದ ಮೇಲೆ. ಏಳು ಮಂದಿ ಆಸ್ಟ್ರೇಲಿಯಾ ರಗ್ಬಿ ಆಟಗಾರರು ವರ್ಣಭೇದದ ತಂಡದ ಎದುರು ಆಡುವುದಿಲ್ಲವೆಂದು ಹಿಂದೆ ಸರಿದರು. ಇನ್ನೊಂದು ಫಲ ಯಾರೂ ಎಣಿಸದ್ದು. ಸಿಡ್ನಿಯ ಮೂಲನಿವಾಸಿ ತರುಣರು ಬಿಳಿಯ ಪ್ರತಿಭಟನಕಾರರನ್ನು ಕೇಳಿದರು: ಆಫ್ರಿಕದ ಕರಿಯರಿಗಾಗಿ ಇಷ್ಟು ಕೂಗುತ್ತೀರಿ, ನಿಮ್ಮ ಹಿತ್ತಲಿನಲ್ಲಿರುವ ನಾವು ಕಾಣುವುದಿಲ್ಲವೇ? 1972ರ ಜನವರಿ 26ರಂದು ಕ್ಯಾನ್‌ಬೆರಾದ ಸಂಸತ್ ಭವನದ ಎದುರು ನಾಲ್ವರು ತರುಣರು ನೆಟ್ಟ ಕೊಡೆ 'ಡೇರೆ ರಾಯಭಾರ ಕಚೇರಿ'ಯಾಯಿತು.

ಈಗ 2009ಕ್ಕೆ ಬರೋಣ. ಇದಕ್ಕೆ ಮುನ್ನುಡಿ 2008ರ ಏಪ್ರಿಲಿನದು. ಚಾಲಕನೊಬ್ಬನಿಗೆ ಚೂರಿ ಇರಿತವಾದಾಗ ಟ್ಯಾಕ್ಸಿ ಚಾಲಕರು, ಬಹುಪಾಲು ನಮ್ಮ ದೇಶದ ಹುಡುಗರು, ಫ್ಲಿಂಡರ್ಸ್ ಮತ್ತು ಸ್ವಾನ್ಸ್ಟನ್ ಬೀದಿಗಳು ಕೂಡುವ ಚೌಕವನ್ನು ಸುಮಾರು ಒಂದು ದಿನ ತಡೆದು ಕೂತರು. ಚಳಿಯಲ್ಲಿ ಅಂಗಿ ಬಿಚ್ಚಿ ಕೂತಿದ್ದರು. ಟ್ಯಾಕ್ಸಿಯಲ್ಲಿ ರಕ್ಷಣೆಯ ಪರದೆ, ರಾತ್ರಿ ಮುಂಗಡ ಬಾಡಿಗೆ ಇವಕ್ಕೆ ಸರಕಾರ ಒಪ್ಪಿತು. ಮರುವರ್ಷ ಮೇ 31ರಂದು ವಿದ್ಯಾರ್ಥಿಗಳ ಮೇಲಿನ ಹಲ್ಲೆಗಳನ್ನು ಖಂಡಿಸಿ ಹೊರಟ ಸಾವಿರಾರು ಜನರ ಮೆರವಣಿಗೆ ಅದೇ ಚೌಕದಲ್ಲಿ ಕೂತಿತು. ಬೆಳಗಾಗುವ ಮೊದಲು ಪೊಲೀಸರು ಎಬ್ಬಿಸಿ ಕಳಿಸಿದರು.

ಆ ವಾರ ನಾವು ಕೆಲವರು ಹಿರಿಯರು ಒಬ್ಬರ ಮನೆಯಲ್ಲಿ ಸೇರಿದ್ದೆವು. "ನಾವೂ ಬಂದೆವು, ಸದ್ದಿಲ್ಲದೆ ದುಡಿದೆವು, ಮನೆ ಮಾಡಿದೆವು. ಈ ಹುಡುಗರಿಂದ ನಮಗೆಲ್ಲ ಕೆಟ್ಟ ಹೆಸರು" ಎಂದೆವು. ಮೆರವಣಿಗೆಗೆ ಹೋಗದೆ ಹುಡುಗರಿಗೆ ಬುದ್ಧಿವಾದ ಕಳಿಸಿದೆವು. ರೈಲಿನಲ್ಲಿ ಲ್ಯಾಪ್‌ಟಾಪ್ ತೆರೆಯಬೇಡಿ, ನಮ್ಮ ಭಾಷೆಯಲ್ಲಿ ಜೋರಾಗಿ ಮಾತಾಡಬೇಡಿ. ಕನ್ನಡ ಉಳಿಸಲೆಂದು ಕೂಟ ಕಟ್ಟಿದವರೇ ಕನ್ನಡವನ್ನು ಪಿಸುಮಾತಿನಲ್ಲಿ ಆಡಿರೆಂದು ಹೇಳಿದೆವು. ಇದು ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ಆ ಕೂಗಿನ ನಂತರ ನಡೆದದ್ದನ್ನು ನೋಡಿ. ಅದೇ ವರ್ಷ ವಿಕ್ಟೋರಿಯಾದ ಶಾಸನಸಭೆ, ದ್ವೇಷದಿಂದ ಮಾಡಿದ ಅಪರಾಧಕ್ಕೆ ಶಿಕ್ಷೆ ವಿಧಿಸುವಾಗ ನ್ಯಾಯಾಲಯ ಆ ದ್ವೇಷವನ್ನು ಗಣಿಸಬೇಕೆಂದು ಕಾನೂನು ತಿದ್ದಿತು. ವಿದೇಶೀ ವಿದ್ಯಾರ್ಥಿಗಳ ರಕ್ಷಣೆಯ ಕಾಯಿದೆಯ ಮರುಪರಿಶೀಲನೆ ಆಯಿತು. 2011ರಲ್ಲಿ ಆಸ್ಟ್ರೇಲಿಯಾದ ಅಪರಾಧಶಾಸ್ತ್ರ ಸಂಸ್ಥೆಯ ವರದಿ, ಭಾರತೀಯ ವಿದ್ಯಾರ್ಥಿಗಳು ಹೊಡೆತ-ಬಡಿತದಲ್ಲಿ ಇತರರಿಗಿಂತ ಹೆಚ್ಚು ಸಿಕ್ಕಿಬೀಳದಿದ್ದರೂ ಸುಲಿಗೆಗೆ ಹೆಚ್ಚಾಗಿ ತುತ್ತಾಗಿದ್ದರೆಂದು ತೋರಿಸಿತು. ನಮ್ಮ ಬುದ್ಧಿವಾದದಿಂದ ಇದರಲ್ಲಿ ಒಂದೂ ಆಗಲಿಲ್ಲ. ಹಾಗೆಂದು ಎಲ್ಲವೂ ಚೆನ್ನಾಗಿತ್ತೆಂದೂ ಅಲ್ಲ. 2009ರ ಜೂನ್‌ನಲ್ಲಿ ಸಿಡ್ನಿಯ ಹ್ಯಾರಿಸ್ ಪಾರ್ಕಿನಲ್ಲಿ ಹುಡುಗರ ಸಿಟ್ಟು ಲೆಬನಾನ್ ಮೂಲದವರ ಕಡೆಗೆ ತಿರುಗಿತು. ಅಲ್ಲಿ 1878ರ ನೆರಳು ಸ್ವಲ್ಪ ಹಾದುಹೋಯಿತೆನ್ನಬೇಕು.

ಈ ಕಥೆಗಳನ್ನೆಲ್ಲ ಜೋಡಿಸಿದಾಗ ನಮಗೆ ಹೊಳೆದದ್ದು ಇಷ್ಟು. ಗದ್ದಲವೋ ಮೌನವೋ ಎಂಬುದು ಸರಿಯಾದ ಪ್ರಶ್ನೆಯಲ್ಲ. ಎರಡು ಬೇರೆ ಪ್ರಶ್ನೆ ಕೇಳಬೇಕು. ತಡೆ ಒಡ್ಡಿರುವುದು ಯಾವುದಕ್ಕೆ, ಅನ್ಯಾಯದ ಚಕ್ರಕ್ಕೋ ಅಥವಾ ಇನ್ನೊಬ್ಬ ಬಡವನ ಅನ್ನಕ್ಕೋ? ಅದರ ಬೆಲೆ ತೆರುವವರು ಯಾರು, ತಡೆದವರೋ ಅಥವಾ ದುರ್ಬಲರೋ? 1945ರ ನಾವಿಕರು ಅನ್ಯಾಯದ ಹಡಗನ್ನೇ ತಡೆದರು, ಬೆಲೆಯನ್ನೂ ತಾವೇ ತೆತ್ತರು. 1878ರವರು ಎರಡರಲ್ಲೂ ತಪ್ಪಿದರು.

"ಸೌಮ್ಯವಾಗಿ ಕೇಳಬಾರದೇ?" ಎನ್ನುವಿರಿ. ಕೇಳಿದವರಿದ್ದಾರೆ. ಮೆಲ್ಬರ್ನಿನ ಫುಟ್ಸ್‌ಕ್ರೇಯಲ್ಲಿದ್ದ ಮೂಲನಿವಾಸಿ ಹಿರಿಯ ವಿಲಿಯಂ ಕೂಪರ್ 1,814 ಸಹಿ ಸಂಗ್ರಹಿಸಿ ದೊರೆಗೆ ಮನವಿ ಬರೆದರು. 1938ರಲ್ಲಿ ಸರಕಾರ ಅದನ್ನು ದೊರೆಗೆ ಕಳಿಸದಿರಲು ತೀರ್ಮಾನಿಸಿತು. ಅದೇ ವರ್ಷ ಜನವರಿ 26ರಂದು ಸಿಡ್ನಿಯಲ್ಲಿ ಅವರ ಜನ ಶೋಕದಿನ ಆಚರಿಸಲು ಸೇರಿದಾಗ ಸಭಾಂಗಣದ ಹಿಂಬಾಗಿಲಿನಿಂದ ಒಳಗೆ ಹೋಗಬೇಕಾಯಿತು. 2023ರ ಅಕ್ಟೋಬರ್ 14ರ ಜನಮತಗಣನೆಯಲ್ಲಿ ಸಂವಿಧಾನದ ಮೂಲಕವೇ, ಸಭ್ಯವಾಗಿಯೇ ಒಂದು ಸಲಹಾ ಮಂಡಳಿ ಕೇಳಿದರು. ನೂರಕ್ಕೆ ಅರುವತ್ತು ಮಂದಿ ಬೇಡವೆಂದರು.

1788ರ ಜನವರಿ 26ರಂದು ಸಿಡ್ನಿಯಲ್ಲಿ ಇಂಗ್ಲಿಷರ ಬಾವುಟ ಹಾರಿದ್ದಕ್ಕೆ ಅಂದು ಹಬ್ಬ. ಆ ಹಬ್ಬವೇ ಅವರಿಗೆ ಗಾಯ. ಆದ್ದರಿಂದ ಅವರು ತಡೆಯುತ್ತಿರುವುದು ನಮ್ಮ ಟ್ರಾಮನ್ನಲ್ಲ, ಹಬ್ಬವನ್ನು. ಟ್ರಾಮಿನಲ್ಲಿ ನಮಗೆ ಅರ್ಧ ಗಂಟೆ ಹೋಯಿತು, ನಿಜ. ಆದರೆ ನಾವು ಅಂದು ಬೆಳಿಗ್ಗೆ ಬಾವುಟ ಹಾರಿಸಿ ಬಂದದ್ದೂ ತಡೆಗಳಿಂದಲೇ ಹುಟ್ಟಿದ ಗಣರಾಜ್ಯಕ್ಕೆ.

ಬರುವ ಜನವರಿ 26ರಂದೂ ನಮ್ಮ ಧ್ವಜಾರೋಹಣ ಎಂದಿನಂತೆ ಬೆಳಿಗ್ಗೆಯೇ ಇರುತ್ತದೆ. ಉಪ್ಪಿಟ್ಟು ಮುಗಿದ ಮೇಲೆ ನಾವು ಟ್ರಾಮಿನಿಂದ ಒಂದು ಸ್ಟಾಪ್ ಮೊದಲೇ ಇಳಿದು ಮಗಳ ಜೊತೆ ನಡೆಯುವುದೆಂದು ನಿಶ್ಚಯಿಸಿದ್ದೇವೆ. ಎಲ್ಲರೂ ಬರಬೇಕೆಂದು ನಾವು ಹೇಳುವುದಿಲ್ಲ. ಒಪ್ಪದವರು ಮುಂದಿನ ಸಂಚಿಕೆಗೆ ನಾಲ್ಕು ಸಾಲು ಬರೆಯಲಿ. ಬರುವವರಿಗೆ ಒಂದು ಮಾತು: ದಾರಿಯಲ್ಲಿ ಕನ್ನಡವನ್ನು ಗಟ್ಟಿಯಾಗಿಯೇ ಮಾತಾಡೋಣ.