ಸ್ವಿಚಿಂಗ್ ಆರ್ಕ್‌ನ ಎಲೆಕ್ಟ್ರಾನ್ ಸಾಂದ್ರತೆ: ಎರಡು ತರಂಗಾಂತರಗಳ ಅಗತ್ಯ

ಸರ್ಕ್ಯೂಟ್ ಬ್ರೇಕರಿನ ಕಾಂಟ್ಯಾಕ್ಟುಗಳು ಬೇರೆಯಾದ ಮಾತ್ರಕ್ಕೆ ವಿದ್ಯುತ್ ಪ್ರವಾಹ ನಿಲ್ಲುವುದಿಲ್ಲ. ನಡುವಿನ ಅನಿಲವೇ ಪ್ಲಾಸ್ಮಾ ಆಗಿ ಅದನ್ನು ಹರಿಯಗೊಡುತ್ತದೆ. ಇದೇ ಆರ್ಕ್. 50 ಹರ್ಟ್ಸ್ ಜಾಲದಲ್ಲಿ ಪ್ರವಾಹ 10 ಮಿಲಿಸೆಕೆಂಡಿಗೊಮ್ಮೆ ಶೂನ್ಯಕ್ಕೆ ಬರುತ್ತದೆ. ಆ ಶೂನ್ಯದ ಆಸುಪಾಸಿನಲ್ಲಿ ಎಲೆಕ್ಟ್ರಾನುಗಳು ಬೇಗ ಕರಗಿದರೆ ಆರ್ಕ್ ನಂದುತ್ತದೆ, ಉಳಿದುಕೊಂಡರೆ ಮತ್ತೆ ಹೊತ್ತಿಕೊಳ್ಳುತ್ತದೆ. ವೋಲ್ಟೇಜ್ ಮತ್ತು ಕರೆಂಟಿನ ದಾಖಲೆಯಿಂದ ಇಡೀ ಆರ್ಕ್‌ನ ರೋಧ ತಿಳಿಯುತ್ತದೆ. ಎಲೆಕ್ಟ್ರಾನುಗಳು ಎಲ್ಲಿ, ಎಷ್ಟು ಉಳಿದಿವೆ ಎಂಬುದನ್ನು ತಿಳಿಯಲು ಬೆಳಕಿನ ನೆರವು ಬೇಕು.

ಮೊದಲ ದಾರಿ ಆರ್ಕ್ ತಾನೇ ಸೂಸುವ ಬೆಳಕಿನದು. 1913ರಲ್ಲಿ ಯೊಹಾನೆಸ್ ಸ್ಟಾರ್ಕ್ ಕಂಡುಕೊಂಡಂತೆ, ವಿದ್ಯುತ್ ಕ್ಷೇತ್ರದಲ್ಲಿ ರೋಹಿತ ರೇಖೆಗಳು ಒಡೆಯುತ್ತವೆ. ಪ್ಲಾಸ್ಮಾದಲ್ಲಿ ಸುತ್ತಲಿನ ಆವೇಶಕಣಗಳ ಕ್ಷೇತ್ರ ಆ ರೇಖೆಗಳನ್ನು ಅಗಲಗೊಳಿಸುತ್ತದೆ. ಮನೆಯ ಬ್ರೇಕರುಗಳಂಥ ಕಡಿಮೆ ವೋಲ್ಟೇಜಿನ ಸಾಧನಗಳಲ್ಲಿ ನೈಲಾನ್ ಗೋಡೆ ಆವಿಯಾಗಿ ಹೈಡ್ರೋಜನ್ ಬಿಡುಗಡೆಯಾದಾಗ ಅದರ 486.1 ನ್ಯಾನೊಮೀಟರಿನ ಬೀಟಾ ರೇಖೆ ಕೈಗೆ ಸಿಗುತ್ತದೆ. ಘನ ಮೀಟರಿಗೆ 10²³ ಎಲೆಕ್ಟ್ರಾನುಗಳಿದ್ದರೆ ಅದರ ಅಗಲ ಸುಮಾರು 4.8 ನ್ಯಾನೊಮೀಟರ್, 10²¹ಕ್ಕೆ ಇಳಿದಾಗ ಸುಮಾರು 0.2. ಹತ್ತು ಸಾವಿರ ಕೆಲ್ವಿನ್‌ನಲ್ಲಿ ಡಾಪ್ಲರ್ ಪರಿಣಾಮದಿಂದ ಬರುವ ಅಗಲ 0.035 ಮಾತ್ರ. ಲೆಕ್ಕದಲ್ಲಿ ಇದು ನೆಮ್ಮದಿಯ ಅಂತರ. ಆದರೆ ಪ್ರವಾಹ ಶೂನ್ಯದ ಹತ್ತಿರ ರೇಖೆಯ ಅಗಲ ಉಪಕರಣದ ಸ್ವಂತ ಅಗಲವನ್ನು ಸಮೀಪಿಸುತ್ತದೆ, ಬೆಳಕೂ ಕ್ಷೀಣಿಸುತ್ತದೆ. ಉತ್ತರ ಅತ್ಯಂತ ಬೇಕಾದ ಹೊತ್ತಿನಲ್ಲೇ ಈ ವಿಧಾನ ಸೋಲುತ್ತದೆ.

ಆಗ ಹೊರಗಿನಿಂದ ಲೇಸರ್ ಹಾಯಿಸಬೇಕು. ಎಲೆಕ್ಟ್ರಾನುಗಳು ವಕ್ರೀಭವನ ಸೂಚ್ಯಂಕವನ್ನು ತಗ್ಗಿಸುತ್ತವೆ, ಆ ಇಳಿಕೆ ತರಂಗಾಂತರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಇಲ್ಲೊಂದು ಅಪಾಯವಿದೆ. ಅನಿಲ ಕಾದು ವಿರಳವಾದಾಗಲೂ ಸೂಚ್ಯಂಕ ತಗ್ಗುತ್ತದೆ, ಅದೂ ಅದೇ ದಿಕ್ಕಿನಲ್ಲಿ.

ಒಂದು ಸೆಂಟಿಮೀಟರ್ ದಪ್ಪದ, 10²³ ಸಾಂದ್ರತೆಯ, ಸಾಮಾನ್ಯ ಒತ್ತಡದ ಗಾಳಿಯ ಆರ್ಕ್ ಅನ್ನು ತೆಗೆದುಕೊಳ್ಳೋಣ. ಸೂಚ್ಯಂಕದ ಇಳಿಕೆಯನ್ನು ವ್ಯತಿಕರಣ ಪಟ್ಟಿಗಳು ಎಷ್ಟು ಸರಿದವು ಎಂಬುದರಿಂದ ಅಳೆಯಬಹುದು. 632.8 ನ್ಯಾನೊಮೀಟರಿನ ಹೀಲಿಯಂ-ನಿಯಾನ್ ಲೇಸರಿನಲ್ಲಿ ಎಲೆಕ್ಟ್ರಾನುಗಳಿಂದ ವ್ಯತಿಕರಣ ಪಟ್ಟಿ ಸರಿಯುವುದು ಸುಮಾರು 0.28ರಷ್ಟು; ಗಾಳಿ ವಿರಳವಾದುದರಿಂದ ಸರಿಯುವುದು ಸುಮಾರು 4 ಪಟ್ಟಿ. ಇಡೀ ಸರಿತವನ್ನು ಎಲೆಕ್ಟ್ರಾನುಗಳ ಲೆಕ್ಕಕ್ಕೆ ಬರೆದರೆ ಸಾಂದ್ರತೆ ಹದಿನೈದು ಪಟ್ಟು ಹೆಚ್ಚಾಗಿ ಕಾಣುತ್ತದೆ. 10.6 ಮೈಕ್ರೋಮೀಟರಿನ ಕಾರ್ಬನ್ ಡೈಆಕ್ಸೈಡ್ ಲೇಸರಿನಲ್ಲಿ ಚಿತ್ರ ತಿರುವುಮುರುವು: ಎಲೆಕ್ಟ್ರಾನುಗಳಿಂದ ಸುಮಾರು 4.7 ಪಟ್ಟಿ, ಗಾಳಿಯಿಂದ 0.25. ಎರಡನ್ನೂ ಏಕಕಾಲಕ್ಕೆ ಅಳೆದರೆ ಎರಡು ಸಮೀಕರಣಗಳಿಂದ ಎರಡು ಅಜ್ಞಾತಗಳೂ ಹೊರಬೀಳುತ್ತವೆ. ಆದರೆ ದೀರ್ಘ ತರಂಗಾಂತರದ ಕಿರಣ ಹೆಚ್ಚು ಬಾಗುತ್ತದೆ, ಸೂಕ್ಷ್ಮ ವಿವರಗಳೂ ಮಸುಕಾಗುತ್ತವೆ. ಟೋಕಿಯೊ ವಿಶ್ವವಿದ್ಯಾಲಯದ ಸಂಶೋಧಕರು ಶ್ಯಾಕ್-ಹಾರ್ಟ್‌ಮನ್ ಸಂವೇದಕವನ್ನು ಆರ್ಕ್‌ಗೆ ಅಳವಡಿಸಿದ್ದಾರೆ. ಅದರಲ್ಲಿ ಕಿರುಮಸೂರಗಳ ಸಾಲು ಮೂಡಿಸುವ ಚುಕ್ಕೆಗಳು ಎಷ್ಟು ಕದಲಿದವು ಎಂಬುದರಿಂದ ಒಂದೇ ಹೊಡೆತಕ್ಕೆ ಸಾಂದ್ರತೆಯ ನಕ್ಷೆ ದೊರೆಯುತ್ತದೆ.

ಸಾಂದ್ರತೆಯನ್ನು ತಾಪಮಾನದಿಂದ ಪಡೆಯುವ ಮೂರನೆಯ ದಾರಿಗೆ ಮೇಘನಾದ ಸಹಾ ಅವರ 1920ರ ಅಯಾನೀಕರಣ ಸಮೀಕರಣವೇ ಆಧಾರ. ಉಷ್ಣ ಸಮತೋಲ ಇರುವ ತನಕ ಅದು ದೃಢ. ಪ್ರವಾಹ ಕುಸಿಯುವಾಗ ಎಲೆಕ್ಟ್ರಾನುಗಳ ಮತ್ತು ಭಾರಕಣಗಳ ತಾಪಮಾನ ಬೇರೆಯಾಗಬಹುದು. ಹಾಗಾಗಿ ಈ ದಾರಿಯ ಫಲಿತಾಂಶವನ್ನು ಲೇಸರ್ ಅಳತೆಗೆ ಸ್ವತಂತ್ರ ಸಾಕ್ಷಿಯೆಂದು ಒಪ್ಪುವಂತಿಲ್ಲ. ಸ್ಟಾರ್ಕ್ ಅಗಲವನ್ನು ಒಪ್ಪಬಹುದು.

ಬ್ರೇಕರುಗಳಲ್ಲಿ ಆರ್ಕ್ ನಂದಿಸಲು ಬಳಸುವ ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲ ನೂರು ವರ್ಷಗಳ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತು ಸಾವಿರ ಪಟ್ಟಿಗೂ ಹೆಚ್ಚು ಶಾಖ ಹಿಡಿದಿಡುವುದರಿಂದ ಅದಕ್ಕೆ ಬದಲಿ ಅನಿಲಗಳ ಹುಡುಕಾಟ ನಡೆದಿದೆ. ಹೊಸ ಅನಿಲ ಆರ್ಕ್ ಅನ್ನು ಎಷ್ಟು ಚೆನ್ನಾಗಿ ನಂದಿಸುತ್ತದೆ ಎಂದು ತೂಗಿನೋಡಲು ಈ ಸಾಂದ್ರತೆಯ ಅಂಕಿಗಳು ಬೇಕು. ಆದ್ದರಿಂದ ಪ್ರವಾಹ ಹೆಚ್ಚಿರುವಾಗ ರೇಖೆಯ ಅಗಲದಿಂದಲೂ ಎರಡು ತರಂಗಾಂತರದ ಲೇಸರಿನಿಂದಲೂ ಒಂದೇ ಆರ್ಕ್ ಅನ್ನು ಅಳೆದು, ಅವು ತಾಳೆಯಾದ ಮೇಲೆಯೇ ಲೇಸರ್ ಅಳತೆಯನ್ನು ಶೂನ್ಯದ ಕಡೆಗೆ ಒಯ್ಯಬೇಕು. ಪ್ರಕಟಿಸುವಾಗ ತರಂಗಾಂತರ, ಕಿರಣ ಸಾಗಿದ ಉದ್ದ, ತಟಸ್ಥ ಅನಿಲಕ್ಕೆ ಮಾಡಿದ ತಿದ್ದುಪಡಿ ಈ ಮೂರನ್ನೂ ಕೊಡದ ಸಾಂದ್ರತೆಯನ್ನು ಬ್ರೇಕರ್ ವಿನ್ಯಾಸಕ್ಕೆ ಬಳಸಬಾರದು.