ಸತ್ತವರಿಗಾಗಿ ಬೌದ್ಧರು ಬೇಡುವುದೇನು?

ನಳಂದದ ಮಾವಿನ ತೋಪೊಂದರಲ್ಲಿ ಬುದ್ಧ ತಂಗಿದ್ದಾಗ ಅಸಿಬಂಧಕಪುತ್ರನೆಂಬ ಊರ ಮುಖಂಡ ಬಂದು ಕೇಳಿದ: ಪಶ್ಚಿಮದ ಕಡೆಯ ಬ್ರಾಹ್ಮಣರು ಸತ್ತವರನ್ನು ಸ್ವರ್ಗಕ್ಕೆ ಕಳುಹಿಸುತ್ತಾರಂತೆ. ತಾವು ಮನಸ್ಸು ಮಾಡಿದರೆ ಲೋಕದ ಜನರಿಗೆಲ್ಲ ಸದ್ಗತಿ ದೊರಕಿಸಬಹುದಲ್ಲವೇ?

ಬುದ್ಧ ಮರುಪ್ರಶ್ನೆ ಹಾಕಿದ. ಆಳವಾದ ಕೊಳಕ್ಕೆ ಯಾರೋ ಬಂಡೆ ಉರುಳಿಸಿದ್ದಾರೆ. ಜನರೆಲ್ಲ ಸೇರಿ ಕೈಮುಗಿದು ಸುತ್ತುಹಾಕುತ್ತ ‘ಮೇಲೆ ಬಾ’ ಎಂದು ಬೇಡಿದರೆ ಅದು ತೇಲೀತೇ? ತುಪ್ಪದ ಗಡಿಗೆಯನ್ನು ನೀರಿನೊಳಗೆ ಒಡೆದರೆ ಚೂರುಗಳು ಮುಳುಗುತ್ತವೆ, ತುಪ್ಪ ಮೇಲೇಳುತ್ತದೆ. ಮುಳುಗೆಂದು ಎಷ್ಟು ಬೇಡಿದರೂ ಅದು ಮುಳುಗದು. ಮನುಷ್ಯನನ್ನು ಎತ್ತುವುದೂ ಇಳಿಸುವುದೂ ಅವನ ನಡತೆಯೇ.

ಸಂಯುತ್ತ ನಿಕಾಯದಲ್ಲಿ ಬರುವ ಈ ಸಂವಾದದ ನಂತರ ಬೌದ್ಧಧರ್ಮದಲ್ಲಿ ಪ್ರಾರ್ಥನೆಗೆ ಜಾಗವೆಲ್ಲಿ ಎನಿಸುವುದು ಸಹಜ. ಪರಿನಿರ್ವಾಣ ಹೊಂದಿದ ಬುದ್ಧ ವರ ಕೊಡುವವನಲ್ಲ. ತ್ರಿಶರಣದಲ್ಲೂ ಬೇಡಿಕೆಯಿಲ್ಲ, ಹಿಡಿದ ದಾರಿಯನ್ನು ಒಪ್ಪಿಕೊಂಡ ಮಾತಿದೆ. 1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಡಾ. ಅಂಬೇಡ್ಕರ್ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎಂಬುದೂ ಒಂದು.

ಆದರೆ ಮನೆಯಲ್ಲಿ ಸಾವಾದಾಗ ಮನಸ್ಸು ತತ್ತ್ವಕ್ಕೆ ಸುಮ್ಮನಾಗುವುದಿಲ್ಲ. ಶ್ರೀಲಂಕಾದ ಬೌದ್ಧರು ಅಂತ್ಯಕ್ರಿಯೆಯಲ್ಲಿ ಭಿಕ್ಷುಗಳಿಗೆ ಬಿಳಿ ಬಟ್ಟೆ ದಾನ ಕೊಡುತ್ತಾರೆ. ಬಳಿಕ ಬಂಧುಗಳು ಒಟ್ಟಾಗಿ ಹೂಜಿ ಹಿಡಿದು ತಟ್ಟೆಯಲ್ಲಿಟ್ಟ ಬಟ್ಟಲಿಗೆ ನೀರು ಸುರಿಯುತ್ತಾರೆ. ಭಿಕ್ಷುಗಳ ಪಠಣ ನಡೆದಿರುವಂತೆಯೇ ಬಟ್ಟಲು ತುಂಬಿ ಹರಿಯುತ್ತದೆ. ದಾನದ ಪುಣ್ಯ ಸತ್ತವರಿಗೆ ಸಲ್ಲಲಿ ಎಂಬುದು ಆಶಯ.

ಹಾಗಾದರೆ ಬಂಡೆಯ ಮಾತು ಏನಾಯಿತು? ಥೇರವಾದಿಗಳ ವಿವರಣೆ ಜಾಣತನದ್ದು. ಪುಣ್ಯ ಹಣದಂತೆ ಕೈ ಬದಲಾಗುವುದಿಲ್ಲ. ತನ್ನ ಹೆಸರಿನಲ್ಲಿ ನಡೆದ ದಾನವನ್ನು ಕಂಡು ಸತ್ತ ಜೀವ ಸಂತೋಷಪಟ್ಟರೆ ಆ ಸಂತೋಷವೇ ಅದರ ಸ್ವಂತ ಸತ್ಕರ್ಮ. ಇದಕ್ಕೆ ಅನುಮೋದನೆ ಎಂದು ಹೆಸರು. ವಾದವನ್ನು ಕೊಂಚ ಎಳೆದಂತೆ ಕಂಡೀತು. ಆದರೂ ಕರ್ಮನಿಯಮ ಉಳಿಯಿತು, ದುಃಖದಲ್ಲಿದ್ದವರು ಕೈಕಟ್ಟಿ ಕೂರುವುದೂ ತಪ್ಪಿತು.

ಜಪಾನಿನ ಶಿನ್ರಾನ್ (1173–1263) ಇನ್ನೂ ನಿಷ್ಠುರ. ಅಮಿತಾಭ ಬುದ್ಧನ ನಾಮಸ್ಮರಣೆಯನ್ನೇ ಸಾರಿದ ಈತ, ತೀರಿಕೊಂಡ ತಂದೆತಾಯಿಯರ ಸದ್ಗತಿಗೆಂದು ಒಮ್ಮೆಯೂ ನಾಮ ಹೇಳಿದವನಲ್ಲ ಎಂದು ಅವನ ಮಾತುಗಳ ಸಂಗ್ರಹವಾದ ‘ತನ್ನಿಶೋ’ ತಿಳಿಸುತ್ತದೆ. ಎಲ್ಲ ಜೀವಿಗಳೂ ಯಾವುದೋ ಜನ್ಮದ ತಂದೆತಾಯಿಯರೇ. ಅಲ್ಲದೆ ನಾಮ ತನ್ನ ಗಳಿಕೆಯಲ್ಲ, ಅಮಿತಾಭನ ಕೃಪೆ. ತನ್ನದಲ್ಲದ್ದನ್ನು ಮತ್ತೊಬ್ಬರಿಗೆ ಧಾರೆಯೆರೆಯುವುದು ಹೇಗೆ?

ಬೈಲಕುಪ್ಪೆ, ಮುಂಡಗೋಡಗಳಲ್ಲಿ ನೆಲೆಸಿರುವ ಟಿಬೆಟನ್ನರ ಸಂಪ್ರದಾಯದಲ್ಲಿ ಸಾವಿನ ನಂತರ 49 ದಿನಗಳ ಪೂಜೆಯುಂಟು. ಅಲ್ಲಿ ಬುದ್ಧ, ಬೋಧಿಸತ್ವರಿಗೆ ಮೊರೆಯೂ ಇದೆ. ಜೊತೆಗೆ ಇನ್ನೊಂದು ಸಂಗತಿ: ಸತ್ತವನಿಗೆ ಇನ್ನೂ ಕೇಳಿಸುತ್ತದೆಂದು ನಂಬಿ, ಮುಂದಿನ ದಾರಿಯನ್ನು ಅವನಿಗೇ ಓದಿ ಹೇಳುತ್ತಾರೆ. ನಡೆಯಬೇಕಾದವನು ಅವನೇ.