ಬಸವನಹುಳು ತಿನ್ನುವ ಮೀನು ಮತ್ತು ನಮ್ಮ ಕೃಷ್ಣೆ

ಮನೆಯಲ್ಲಿ ಮೀನಿನ ತೊಟ್ಟಿ ಇಟ್ಟವರಿಗೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತೆ: ಬಸವನಹುಳು ವಿಪರೀತ ಆಗಿಬಿಟ್ಟಿವೆ, ಯಾವ ಮೀನು ಬಿಟ್ಟರೆ ತಿಂದು ಮುಗಿಸುತ್ತೆ? ಹುಳು ಬರೋದು ಗಿಡದ ಜೊತೆ. ಎಲೆ ಹಿಂದೆ ಲೋಳೆ ಥರ ಅಂಟಿಕೊಂಡ ಮೊಟ್ಟೆ ಯಾರ ಕಣ್ಣಿಗೂ ಬೀಳಲ್ಲ, ಸ್ವಲ್ಪ ದಿನ ಕಳೆದರೆ ಗಾಜಿನ ತುಂಬ ಅವೇ. ನಮ್ಮ ಆಫೀಸಿನ ಗೆಳೆಯನೊಬ್ಬ ಇದೇ ಗೋಳು ಹೇಳಿಕೊಂಡಾಗ ಅಂಗಡಿಯವ ಕೊಟ್ಟ ಉತ್ತರ "ಜೀಬ್ರಾ ಲೋಚ್ ತಗೊಳ್ಳಿ ಸಾರ್" ಅಂತ. ಇವನು ಅದು ಬ್ರೆಜಿಲ್‌ನದೋ ಆಫ್ರಿಕಾದ್ದೋ ಇರಬೇಕು ಅಂದುಕೊಂಡಿದ್ದ. ಅದು ನಮ್ಮ ಮೀನು ಕಣಯ್ಯಾ ಅಂದರೆ ನಂಬಲೇ ಇಲ್ಲ!

ಅದಕ್ಕೇ ಇದನ್ನೆಲ್ಲ ಬರೆದಿಡೋಣ ಅನ್ನಿಸಿತು.

ಬಸವನಹುಳು ತಿನ್ನುವ ಮೀನು ಬೇಕಾದಷ್ಟಿವೆ. ಆದರೆ ನಾನಾ ಜಾತಿಯ ಮೀನು ಕೂಡಿ ಬಾಳೋ ತೊಟ್ಟಿಗೆ ಒಗ್ಗೋವು ಕಡಿಮೆ. ಕೇರಳದ ಕಡೆಯ ಕುಬ್ಜ ಪಫರ್ (ಹೋರಾ ಮತ್ತು ನಾಯರ್ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು 1941ರಲ್ಲಿ) ಹುಳುವನ್ನೂ ತಿನ್ನುತ್ತೆ, ಪಕ್ಕದ ಮೀನಿನ ರೆಕ್ಕೆಯನ್ನೂ ಕಚ್ಚುತ್ತೆ. ಬೋರ್ನಿಯೊ, ಸುಮಾತ್ರಾದ ಕ್ಲೌನ್ ಲೋಚ್ ಸಾಧು ಪ್ರಾಣಿ, ಆದರೆ ಬೆಳೆದರೆ ಒಂದಡಿ ಆಗುತ್ತೆ. ಎರಡಡಿ ತೊಟ್ಟಿಗೆ ಒಂದಡಿ ಮೀನು ತಂದು ಏನು ಮಾಡ್ತೀರಿ? ಇವೆಲ್ಲದರ ನಡುವೆ ಜಗತ್ತಿನ ತೊಟ್ಟಿಗಳಲ್ಲಿ ಒಳ್ಳೆ ಹೆಸರು ಗಳಿಸಿದ್ದು ಜೀಬ್ರಾ ಲೋಚ್. ಮೂರು ನಾಲ್ಕು ಇಂಚಿನ ಮೀನು, ಮೈತುಂಬ ಸಣ್ಣ ಪಟ್ಟೆ, ಜಗಳಗಂಟಿ ಅಲ್ಲ. ಐದಾರು ಜೊತೆಗಿದ್ದರೆ ಖುಷಿ. ಚೂಪು ಮೂತಿ ತೂರಿಸಿ ಚಿಪ್ಪಿನೊಳಗಿನ ಮಾಂಸ ಎಳೆದು ತಿನ್ನುತ್ತೆ.

ಇದರ ವೈಜ್ಞಾನಿಕ ಹೆಸರು ಬೋಟಿಯಾ ಸ್ಟ್ರಿಯಾಟಾ. ಹೆಸರಿಟ್ಟವರು ಬೆಂಗಳೂರು ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ ಸಿ. ಆರ್. ನಾರಾಯಣ ರಾವ್. ವರ್ಷ 1920. ಅವರಿಗೆ ಮೀನು ಸಿಕ್ಕಿದ್ದು ಮೈಸೂರು ಸಂಸ್ಥಾನದ ತುಂಗಾ ನದಿಯಲ್ಲಿ. 1932ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆ ಬೆಂಗಳೂರಲ್ಲಿ ಶುರುವಾದಾಗ ಅದರ ಮೊದಲ ಸಂಪಾದಕರೂ ಇವರೇ. ಕಪ್ಪೆಗಳ ಬಗ್ಗೆಯೂ ತುಂಬ ಕೆಲಸ ಮಾಡಿದವರು, 2010ರಲ್ಲಿ ಪಶ್ಚಿಮ ಘಟ್ಟದ ಮರಗಪ್ಪೆಗಳ ಒಂದು ಕುಲಕ್ಕೆ 'ರಾವೊರ್ಕೆಸ್ಟಿಸ್' ಅಂತ ಇವರ ಹೆಸರನ್ನೇ ಇಟ್ಟರು. ಕಪ್ಪೆ ಅಭ್ಯಾಸ ಮಾಡೋರಿಗೆ ಇವರು ಗೊತ್ತು. ಮೀನು ಸಾಕೋ ನಮ್ಮಂಥವರಲ್ಲಿ ಎಷ್ಟು ಜನಕ್ಕೆ ಗೊತ್ತೋ...

ಇನ್ನು ನಮ್ಮೂರ ಕಡೆಯ ನಂಟು. 1956ರಲ್ಲಿ ಕಲಾವಾರ್ ಮತ್ತು ಕೇಳಕರ್ ಅನ್ನುವವರು ಕೊಲ್ಹಾಪುರದಲ್ಲಿ ಸಿಕ್ಕ ಇದೇ ಮೀನಿಗೆ 'ಕೊಲ್ಹಾಪುರೆನ್ಸಿಸ್' ಅಂತ ಒಂದು ಉಪಹೆಸರು ಕೊಟ್ಟರು. ಕೊಲ್ಹಾಪುರದ ಪಂಚಗಂಗೆ ನರಸೋಬನ ವಾಡಿಯಲ್ಲಿ ಕೃಷ್ಣೆಯನ್ನು ಸೇರುತ್ತೆ, ಅಲ್ಲಿಂದ ಅದೇ ನೀರು ರಬಕವಿ-ಬನಹಟ್ಟಿ ಮುಟ್ಟಿ, ಹಿಪ್ಪರಗಿ ಬ್ಯಾರೇಜಿನಲ್ಲಿ ನಿಂತು, ಜಮಖಂಡಿ ದಾಟಿ, ಬೀಳಗಿ ಕಡೆ ಆಲಮಟ್ಟಿ ಹಿನ್ನೀರಾಗುತ್ತೆ. ಮುಧೋಳದ ಘಟಪ್ರಭೆಯೂ ಕೊನೆಗೆ ಕೂಡೋದು ಕೃಷ್ಣೆಯನ್ನೇ. ಅತ್ತ ತುಂಗೆ, ಭದ್ರೆಯನ್ನು ಕೂಡಿಕೊಂಡು ಎಷ್ಟೋ ದೂರ ಹರಿದು ಅದೇ ಕೃಷ್ಣೆಗೆ ಬರುತ್ತೆ. ಮೀನಿನ ನೆಲೆ ಘಟ್ಟದ ಬುಡದ ತಿಳಿನೀರು, ಹರಳುಗಲ್ಲು. ನಮ್ಮ ಕಡೆಯ ಎರೆಮಣ್ಣಿನ ಕದಡು ನೀರಲ್ಲ. ಆದರೂ ಒಂದೇ ಹೊಳೆಯ ಸಂಸಾರ ಅಲ್ವಾ.

ಈಗ ಕಷ್ಟದ ಮಾತು. ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಈ ಮೀನು ಅಳಿವಿನ ಅಪಾಯದಲ್ಲಿರುವ ಜೀವಿಗಳ ಸಾಲಿನಲ್ಲಿದೆ. ಘಟ್ಟದ ಹೊಳೆಗಳಿಗೆ ಮಣ್ಣು ತುಂಬುತ್ತಿದೆ, ಅಣೆಕಟ್ಟು ಬಂದಿವೆ, ನೀರು ಕೆಟ್ಟಿದೆ. ಇದರ ಮೇಲೆ ಅಕ್ವೇರಿಯಂ ವ್ಯಾಪಾರಕ್ಕಾಗಿ ಹೊಳೆಯಿಂದಲೇ ಹಿಡಿದು ಮಾರುತ್ತಾರೆ. ಮನೆಯ ತೊಟ್ಟಿಯಲ್ಲಿ ಇದು ಮರಿ ಮಾಡುವುದು ತೀರ ಅಪರೂಪ. ಅಂದರೆ ಯಾರದೋ ಗಾಜಿನ ಮೇಲಿನ ಹುಳು ತೆಗೆಯೋಕೆ ನಮ್ಮ ಹೊಳೆ ಬರಿದಾಗಬೇಕು. ನನಗಂತೂ ಈ ಲೆಕ್ಕ ಸರಿ ಕಾಣಲ್ಲ.

ಪೀಡೆಗೆ ಮೀನು ಆರಿಸೋ ಕೆಲಸ ನಮ್ಮ ರಾಜ್ಯಕ್ಕೆ ಹೊಸದಲ್ಲ. ನಮ್ಮ ಕಡೆ ಹಿರಿಯರಿಗೆ ನಾರುಹುಣ್ಣು ಅಂದರೆ ಈಗಲೂ ಮೈ ಜುಂ ಅನ್ನುತ್ತೆ. ಪಾವಟಿಗೆ ಇಳಿದು ಕೊಡ ತುಂಬೋ ಬಾವಿಗಳಲ್ಲಿ, ಹುಣ್ಣಿದ್ದವನ ಕಾಲು ನೀರಿಗೆ ತಾಕಿದರೆ ಹುಳದ ಮರಿಗಳು ನೀರು ಸೇರುತ್ತವೆ. ಅವನ್ನು ಸೈಕ್ಲಾಪ್ಸ್ ಅನ್ನೋ ಬಲು ಸಣ್ಣ ನೀರುಜೀವಿ ತಿನ್ನುತ್ತೆ, ಆ ನೀರು ಕುಡಿದವನ ಕಾಲಲ್ಲಿ ಸುಮಾರು ವರ್ಷದ ಮೇಲೆ ಮಾರುದ್ದದ ಹುಳು ಹೊರಬರುತ್ತೆ. 1930ರ ದಶಕದಲ್ಲಿ ಚಿತ್ರದುರ್ಗ ಜಿಲ್ಲೆಯಲ್ಲಿ ಮೂರ್ತಿ ಮತ್ತು ರಾಕ್‌ಫೆಲರ್ ಫೌಂಡೇಶನ್ನಿನ ಸ್ವೀಟ್ ಇಂಥ ಬಾವಿಗಳಿಗೆ ಸೈಕ್ಲಾಪ್ಸ್ ತಿನ್ನುವ ಸಣ್ಣ ಮೀನು ಬಿಟ್ಟು ನೋಡಿದರು. 1936ರಲ್ಲಿ ಆ ಕೆಲಸ ಪ್ರಕಟವೂ ಆಯಿತು. ಅವರು ಆರಿಸಿದ್ದು ಬಾರ್ಬಸ್ ಜಾತಿಯಂಥ ನಮ್ಮ ನೀರಿನದೇ ಮೀನು. ಆಗ ಜಮಖಂಡಿ, ಮುಧೋಳ ಬೇರೆ ಸಂಸ್ಥಾನಗಳು, ಮೈಸೂರಿನ ಆಡಳಿತಕ್ಕೆ ಸೇರಿರಲಿಲ್ಲ. ಮುಂದೆ ನಾರುಹುಣ್ಣು ಹೋಗಿದ್ದು ಮೀನಿನಿಂದಲೇ ಏನಲ್ಲ. ಬೋರ್‌ವೆಲ್ಲು, ಬಟ್ಟೆಯಲ್ಲಿ ಸೋಸೋದು, ಔಷಧಿ, ಎಲ್ಲ ಸೇರಿ. 1996ರಲ್ಲಿ ದೇಶದ ಕೊನೆಯ ರೋಗಿ, 2000ದಲ್ಲಿ ಭಾರತ ಮುಕ್ತ ಅಂತ ಪ್ರಮಾಣಪತ್ರ.

ಅದೇ ಕಾಲದ ಇನ್ನೊಂದು ಆಯ್ಕೆ ಗ್ಯಾಂಬೂಸಿಯಾ. ಅಮೆರಿಕದ ಮೀನು, 1928ರಲ್ಲಿ ಇಟಲಿಯಿಂದ ಭಾರತಕ್ಕೆ ಬಂತು, ಸೊಳ್ಳೆಮರಿ ತಿನ್ನಲಿ ಅಂತ. ತಿಂತು, ಸರಿ. ಜೊತೆಗೆ ಊರಿನ ಸಣ್ಣ ಮೀನಿನ ಮೊಟ್ಟೆ ಮರಿಗಳನ್ನೂ ತಿಂತು. ಇಂದು ಜಗತ್ತಿನ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದೂ ಇದೆ.

ಗೆಳೆಯನಿಗೆ ನಾನು ಹೇಳಿದ್ದಿಷ್ಟೇ: ಮೊದಲು ಊಟ ಕಡಿಮೆ ಮಾಡು. ಮೀನು ಬಿಟ್ಟ ಕಾಳು ತಿಂದೇ ಹುಳು ಹೆಚ್ಚೋದು. ರಾತ್ರಿ ಒಂದು ಸೌತೆಕಾಯಿ ಹೋಳು ಇಳಿಬಿಟ್ಟು ಬೆಳಿಗ್ಗೆ ಹುಳು ಸಮೇತ ತೆಗೆದುಬಿಡು. ಹೊಸ ಗಿಡ ತಂದರೆ ಬೇರೆ ಬಕೆಟ್ಟಲ್ಲಿ ಎರಡು ವಾರ ಇಟ್ಟು ನೋಡು. ಲೋಚ್ ಬೇಕೇ ಬೇಕು ಅಂದರೆ, ಸಾಕಿ ಮರಿ ಮಾಡಿಸಿದ್ದೋ ಹೊಳೆಯಲ್ಲಿ ಹಿಡಿದಿದ್ದೋ ಅಂತ ಅಂಗಡಿಯವನನ್ನ ಕೇಳು.

ಅಂದ ಹಾಗೆ, ತೀರ್ಥಹಳ್ಳಿ, ಶೃಂಗೇರಿ ಕಡೆಯವರು ಯಾರಾದರೂ ಇದನ್ನು ಓದ್ತಿದ್ದರೆ, ಈ ಪಟ್ಟೆ ಮೀನಿಗೆ ನಿಮ್ಮಲ್ಲಿ ಏನಂತ ಕರೀತಾರೆ ಹೇಳಿ. ಜೀಬ್ರಾ ಅನ್ನೋಕೆ ಮನಸ್ಸಾಗ್ತಿಲ್ಲ.